ಮೊದಲ ಹಗ್ಗ ಯಾವುದಿರಲಿ? ರ‍್ಯಾಂಚ್ ರೋಪಿಂಗ್ ಕಲಿಯಹೊರಟವರಿಗೆ ಹೋಲಿಕೆಯ ಮಾರ್ಗದರ್ಶಿ

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಕುದುರೆ ಏರಿ ಹಗ್ಗ ಬೀಸುವವರೆಲ್ಲ ಕಲಿತದ್ದು ಒಂದೇ ವಿದ್ಯೆಯಲ್ಲ. ಟೆಕ್ಸಾಸಿನ ಅಖಾಡದಲ್ಲಿ ನಾಲ್ಕೈದು ಸೆಕೆಂಡಿನೊಳಗೆ ಹೋರಿಯ ಕೊಂಬನ್ನೂ ಹಿಂಗಾಲನ್ನೂ ಬಿಗಿಯುವ ಜೋಡಿಯ ಹಗ್ಗ ಬೇರೆ, ಜೀನು ಬೇರೆ, ಎಸೆತ ಬೇರೆ. ನೆವಾಡದ ಬಯಲಿನಲ್ಲಿ ವಸಂತ ಬಂದಾಗ ನೂರಾರು ಹಸು-ಕರುಗಳ ಮಂದೆಯೊಳಗೆ ಕುದುರೆಯನ್ನು ಸದ್ದಿಲ್ಲದೆ ನಡೆಸಿಕೊಂಡು ಹೋಗಿ, ಒಂದೊಂದೇ ಕರುವನ್ನು ಹಿಂಗಾಲಿನಲ್ಲಿ ಹಿಡಿದು ಒಡೆತನದ ಮುದ್ರೆ ಕಾಯಿಸುವ ಬೆಂಕಿಯ ಬಳಿಗೆ ಎಳೆದು ತರುವ ಬಕರೂಗಳ, ಅಂದರೆ ಆ ಸೀಮೆಯ ದನಗಾಹಿ ಸವಾರರ ರೀತಿಯೇ ಬೇರೆ. ಹೊಸಬರಿಗೆ ಈ ವ್ಯತ್ಯಾಸ ತಿಳಿದಿರುವುದಿಲ್ಲ. ಅಂಗಡಿಯಲ್ಲಿ ಕಣ್ಣಿಗೆ ಬಿದ್ದ ಹಗ್ಗ ಕೊಳ್ಳುತ್ತಾರೆ, ಮನೆಗೆ ಹತ್ತಿರವಿರುವ ಅಖಾಡಕ್ಕೆ ಸೇರುತ್ತಾರೆ. ಕೆಲವು ತಿಂಗಳು ಕಳೆದ ಮೇಲೆ ತಾವು ಕಲಿಯಬೇಕೆಂದಿದ್ದುದು ಇದಲ್ಲ ಎಂಬುದು ಗೊತ್ತಾಗುತ್ತದೆ.

ಈ ಬರಹ ಎರಡನೆಯ ದಾರಿ ಹಿಡಿಯಬೇಕೆಂದಿರುವವರಿಗೆ, ಅಂದರೆ ದನದ ಕೆಲಸಕ್ಕೆಂದೇ ಹುಟ್ಟಿದ ರ‍್ಯಾಂಚ್ ರೋಪಿಂಗ್ ಕಲಿಯಬೇಕೆಂದಿರುವವರಿಗೆ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ದೂರದ ಸಂಗತಿಯೇನಲ್ಲ. ಸ್ಯಾನ್ ಹೋಸೆಯವರು ವಾರಾಂತ್ಯದಲ್ಲಿ ಚಾರಣಕ್ಕೆ ಹೋಗುವ, ಮಾರ್ಗನ್ ಹಿಲ್ ಊರಿನ ಪೂರ್ವಕ್ಕಿರುವ ಹೆನ್ರಿ ಕೋ ಉದ್ಯಾನ ಹಿಂದೆ ದನದ ರ‍್ಯಾಂಚ್ ಆಗಿತ್ತು. ಆ ಒಣಹುಲ್ಲಿನ ಗುಡ್ಡಸಾಲುಗಳೇ ಈ ವಿದ್ಯೆ ಬೆಳೆದ ನೆಲ.

ಮುಂದೆ ಬರುವ ಆಯ್ಕೆಗಳನ್ನೆಲ್ಲ ನಾನು ಒಂದೇ ಪ್ರಶ್ನೆ ಕೇಳಿ ತೂಗಿದ್ದೇನೆ: ದನ ಸಿಕ್ಕಿ ಹಗ್ಗ ಬಿಗಿಯಾದ ಗಳಿಗೆಯಲ್ಲಿ ಅದು ಜಾರಿ ಬಿಟ್ಟುಕೊಡುತ್ತದೆಯೇ, ಇಲ್ಲವೇ ಗಕ್ಕನೆ ನಿಲ್ಲಿಸುತ್ತದೆಯೇ? ಕುಣಿಕೆ ಹಾಕುವುದನ್ನು ಎಲ್ಲ ಪಂಥದವರೂ ಕಲಿಸುತ್ತಾರೆ. ಹಾಕಿದ ಮೇಲೆ ಎಷ್ಟು ಹಗ್ಗ ಬಿಡಬೇಕು, ಎಷ್ಟು ಮೆಲ್ಲಗೆ ಬಿಗಿ ತರಬೇಕು ಎಂಬುದರಲ್ಲಿ ರ‍್ಯಾಂಚ್ ರೋಪಿಂಗಿನ ಹಿರಿಮೆಯಿದೆ. ದನದ ಕೊರಳು, ಕುದುರೆಯ ಬೆನ್ನು, ಸವಾರನ ಬೆರಳು ಮೂರೂ ಅದರಿಂದಲೇ ಉಳಿಯುತ್ತವೆ.

ಯಾವ ಪಂಥ?

ಹಗ್ಗದ ವಿದ್ಯೆ ಈ ಸೀಮೆಗೆ ಬಂದದ್ದು ಸ್ಪೇನಿನವರ ಜೊತೆಯಲ್ಲಿ, ಮೆಕ್ಸಿಕೊದ ಮೂಲಕ. 1769ರಲ್ಲಿ ಸ್ಯಾನ್ ಡಿಯೇಗೊದಲ್ಲಿ ಕ್ಯಾಲಿಫೋರ್ನಿಯಾದ ಮೊದಲ ಮಿಷನ್, ಅಂದರೆ ಕ್ರೈಸ್ತ ಧರ್ಮಪ್ರಚಾರದ ನೆಲೆ, ಸ್ಥಾಪನೆಯಾಯಿತು. ಆಮೇಲೆ ಕರಾವಳಿಯುದ್ದಕ್ಕೂ ಮಂದೆಗಳು ಬೆಳೆದವು. ಅವುಗಳನ್ನು ಕಾಯುತ್ತಿದ್ದ ವಾಕೇರೊಗಳ ಕೈಯಲ್ಲಿದ್ದುದು ಹದ ಮಾಡದ ಹಸಿ ಚರ್ಮದ ಎಳೆಗಳನ್ನು ಹೆಣೆದು ಮಾಡಿದ ರಿಯಾಟ ಎಂಬ ಉದ್ದನೆಯ ಹಗ್ಗ. ಅರುವತ್ತು ಅಡಿ ಅದಕ್ಕೆ ಸಾಮಾನ್ಯ ಉದ್ದ, ಅದಕ್ಕಿಂತ ಹೆಚ್ಚಿನವೂ ಇದ್ದವು. ನಮ್ಮ ಕಪಿಲೆ ಬಾವಿಗಳಲ್ಲಿ ನೀರೆತ್ತುತ್ತಿದ್ದ ಮಿಣಿಯಂತೆ ಇದೂ ಚರ್ಮದ್ದೇ. ಸಮನಾಗಿ ಎಳೆದರೆ ಬಹಳ ಭಾರ ತಾಳುತ್ತದೆ, ಒಮ್ಮೆಲೇ ಜಗ್ಗಿದರೆ ಕಡಿದು ಹೋಗುತ್ತದೆ. ಆದ್ದರಿಂದ ವಾಕೇರೊಗಳು ಹಗ್ಗದ ಹಿಂತುದಿಯನ್ನು ಜೀನಿನ ಮುಂದಿನ ಗೂಟಕ್ಕೆ ಕಟ್ಟುತ್ತಿರಲಿಲ್ಲ. ದನ ಸಿಕ್ಕ ಮೇಲೆ ಗೂಟಕ್ಕೆ ಎರಡು ಮೂರು ಸುತ್ತು ಹಾಕಿ, ಹಗ್ಗ ಒಂದಿಷ್ಟು ಜಾರಲು ಬಿಟ್ಟು, ಆಮೇಲೆ ಹಿಡಿತ ತರುತ್ತಿದ್ದರು. ಹೀಗೆ ಸುತ್ತುವುದೇ ಡ್ಯಾಲಿ. ನೆವಾಡ, ಪೂರ್ವ ಆರೆಗನ್, ನೈರುತ್ಯ ಐಡಾಹೊ ಭಾಗದ ಬಕರೂಗಳು ಇಂದಿಗೂ ಈ ಪಂಥದವರು.

ಟೆಕ್ಸಾಸಿನ ಮುಳ್ಳುಪೊದೆಗಳ ನಡುವೆ ಉದ್ದದ ಹಗ್ಗ ಬೀಸಲು ಜಾಗ ಸಿಗುವುದಿಲ್ಲ, ಸಿಕ್ಕ ದನ ಕ್ಷಣದಲ್ಲಿ ಪೊದೆಯೊಳಗೆ ನುಗ್ಗುತ್ತದೆ. ಅಲ್ಲಿ ಮೂವತ್ತು ಮೂವತ್ತೈದು ಅಡಿಯ ಗಟ್ಟಿ ನಾರಿನ ಹಗ್ಗವನ್ನು ಗೂಟಕ್ಕೆ ಕಟ್ಟಿಯೇ ಎಸೆಯುವ ರೂಢಿ ಬೆಳೆಯಿತು. ಜಗ್ಗಿನ ಹೊಡೆತಕ್ಕೆ ಜೀನು ಹಿಂದಿನಿಂದ ಮೇಲೇಳದಂತೆ ಕುದುರೆಯ ಹೊಟ್ಟೆಗೆ ಒಂದರ ಬದಲು ಎರಡು ಪಟ್ಟಿ ಬಂದವು. ಪಂಥಗಳ ಈ ಭೇದಕ್ಕೆಲ್ಲ ನೆಲ ಮತ್ತು ಹಗ್ಗದ ಗುಣವೇ ಕಾರಣ. ಎರಡರಲ್ಲಿ ಯಾವುದು ಮೇಲು ಎಂಬ ವಾದ ನೂರು ವರ್ಷಕ್ಕೂ ಹಳೆಯದು. ಅದನ್ನು ಇಲ್ಲಿ ಮುಂದುವರಿಸುವುದಿಲ್ಲ.

ಹೊಸಬರ ಎದುರಿಗೆ ಇಂದು ನಿಲ್ಲುವ ಆಯ್ಕೆಗಳು ಇನ್ನಷ್ಟು. ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಟೀಮ್ ರೋಪಿಂಗ್. ಅಖಾಡದಲ್ಲಿ ಬೀಜ ತೆಗೆದ ಹೋರಿಯನ್ನು ಬಿಡುತ್ತಾರೆ. ಹೆಡರ್ ಎಂಬಾತ ಕೊಂಬು ಅಥವಾ ಕೊರಳು ಹಿಡಿದು ಎಡಕ್ಕೆ ತಿರುಗಿಸುತ್ತಾನೆ, ಹೀಲರ್ ಹಿಂಗಾಲು ಹಿಡಿಯುತ್ತಾನೆ. ಎರಡರ ಬದಲು ಒಂದೇ ಹಿಂಗಾಲು ಸಿಕ್ಕರೆ ಐದು ಸೆಕೆಂಡಿನ ದಂಡ, ಹೋರಿಗೆ ಕೊಡಬೇಕಾದ ಮುನ್ನಡೆ ಕೊಡದೆ ಮುಂಚೆಯೇ ನುಗ್ಗಿದರೆ ಹತ್ತು ಸೆಕೆಂಡಿನ ದಂಡ. ಎಲ್ಲವೂ ಗಡಿಯಾರದ ಲೆಕ್ಕ. ಸಣ್ಣ ಊರಿನಲ್ಲೂ ವಾರದ ಅಭ್ಯಾಸ ನಡೆಯುತ್ತದೆ, ಹೊಸಬರನ್ನು ಹೊಸಬರ ಜೊತೆಗೇ ಸ್ಪರ್ಧೆಗಿಳಿಸುವ ಶ್ರೇಣಿ ವ್ಯವಸ್ಥೆಯಿದೆ. ಇದು ನಿಜಕ್ಕೂ ದೊಡ್ಡ ಅನುಕೂಲ.

ಬ್ರೇಕ್‌ಅವೇ ರೋಪಿಂಗ್ ಮುಖ್ಯವಾಗಿ ಹೆಂಗಸರ ಸ್ಪರ್ಧೆಯಾಗಿ ಬೆಳೆದದ್ದು. ಇದರಲ್ಲಿ ಹಗ್ಗವನ್ನು ಗೂಟಕ್ಕೆ ಒಂದು ತೆಳು ದಾರದಿಂದ ಕಟ್ಟಿರುತ್ತಾರೆ. ಕರುವಿನ ಕೊರಳಿಗೆ ಕುಣಿಕೆ ಬಿದ್ದು ಬಿಗಿಯಾದೊಡನೆ ದಾರ ಹರಿಯುತ್ತದೆ, ಅಲ್ಲಿಗೆ ಆಟ ಮುಗಿಯಿತು. ಇದರ ಮೊದಲ ರಾಷ್ಟ್ರೀಯ ಫೈನಲ್ಸ್ 2020ರ ಡಿಸೆಂಬರಿನಲ್ಲಿ ಟೆಕ್ಸಾಸಿನ ಆರ್ಲಿಂಗ್ಟನ್ನಿನಲ್ಲಿ ನಡೆಯಿತು. ಡ್ಯಾಲಿಯ ಅಪಾಯವಿಲ್ಲದೆ ಓಡುವ ಕುದುರೆಯಿಂದ ಗುರಿ ಹಿಡಿಯುವುದನ್ನು ಕಲಿಯಬೇಕಾದರೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ ಬಿಗಿ ಬಿದ್ದ ಮೇಲೆ ಮಾಡಬೇಕಾದ ಕೆಲಸ ಇದರಲ್ಲಿ ಇಲ್ಲವೇ ಇಲ್ಲ, ಕಲಿಯಲು ಬಯಸುವವರಿಗೆ ಅದೇ ಮುಖ್ಯ.

ಕುದುರೆ ಸವಾರಿ, ಹಗ್ಗದ ಕೈಚಳಕ ಎರಡೂ ಸೇರಿದ ಮೆಕ್ಸಿಕೊದ ಸಾಂಪ್ರದಾಯಿಕ ಕಲೆ ಚಾರ್ರೆರಿಯಾ ಈ ಎಲ್ಲಕ್ಕೂ ಹಿರಿಯಕ್ಕ. 2016ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹಗ್ಗದ ಅಂದ ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು. ಆದರೆ ಅದು ಕುಟುಂಬ, ಸಂಘ, ಉಡುಪು, ಸ್ಪ್ಯಾನಿಷ್ ಭಾಷೆ ಎಲ್ಲವನ್ನೂ ಒಳಗೊಂಡ ಬದುಕು. ಹೊರಗಿನವರು ಬಿಡುವಿನ ವೇಳೆಯಲ್ಲಿ ಕಲಿತು ಮುಗಿಸುವಂಥದ್ದಲ್ಲ.

ನಿಮ್ಮ ಕಣ್ಣು ರ‍್ಯಾಂಚ್ ರೋಪಿಂಗಿನ ಮೇಲಿದ್ದರೆ ನೇರವಾಗಿ ಅಲ್ಲಿಗೇ ಹೋಗಿ ಎಂಬುದು ನನ್ನ ಖಚಿತ ಅಭಿಪ್ರಾಯ. ‘ಮೊದಲು ಟೀಮ್ ರೋಪಿಂಗ್ ಕಲಿ, ಆಮೇಲೆ ಅದು ಸುಲಭ’ ಎಂದು ಹೇಳುವವರು ಬಹಳ. ಬೀಸು ಅಲ್ಲಿಂದ ಇಲ್ಲಿಗೆ ಬರುತ್ತದೆ, ನಿಜ. ಅದರ ಜೊತೆಗೆ ಅವಸರವೂ ಬರುತ್ತದೆ. ದನ ಕಂಡೊಡನೆ ಕುದುರೆಯನ್ನು ಓಡಿಸುವ, ಸಿಕ್ಕೊಡನೆ ಗಕ್ಕನೆ ಡ್ಯಾಲಿ ಹಾಕುವ ಅಭ್ಯಾಸ ಒಮ್ಮೆ ಮೈಗೆ ಹತ್ತಿದರೆ, ಮಂದೆಯೊಳಗೆ ಹೆಜ್ಜೆ ಎಣಿಸಿ ನಡೆಯುವುದು ಎರಡು ಪಟ್ಟು ಕಷ್ಟ. ಸುತ್ತ ನೂರು ಮೈಲಿಯೊಳಗೆ ರ‍್ಯಾಂಚ್ ರೋಪಿಂಗ್ ಕಲಿಸುವವರೇ ಇಲ್ಲದಿದ್ದರೆ ಮಾತ್ರ ಅಖಾಡಕ್ಕೆ ಹೋಗಿ. ಹೋದಾಗ ಹೀಲಿಂಗ್ ಕಲಿಯಿರಿ. ಹಿಂಗಾಲಿನ ಎಸೆತ ಮುಂದೆ ಕರುಗಳ ನಡುವೆ ಕೆಲಸಕ್ಕೆ ಬರುತ್ತದೆ.

ಯಾವ ಹಗ್ಗ?

ಹಗ್ಗದ ಒಂದು ತುದಿಯಲ್ಲಿ ಹೊಂಡೊ ಎಂಬ ಸಣ್ಣ ಕಣ್ಣು ಇರುತ್ತದೆ. ಹಗ್ಗ ಅದರೊಳಗಿಂದ ಹಾದು ಜೀರುಗುಣಿಕೆಯಾಗುತ್ತದೆ. ಅಂಗಡಿಗೆ ಹೋದರೆ ನೂರಾರು ಹಗ್ಗಗಳು ತೂಗುತ್ತಿರುತ್ತವೆ. ವಯೋಮಿಂಗಿನ ಶೆರಿಡನ್ನಿನಲ್ಲಿರುವ ಕಿಂಗ್ಸ್ ಸ್ಯಾಡ್ಲರಿ ಹಗ್ಗಗಳಿಗೇ ಹೆಸರಾದದ್ದು. ನೆವಾಡದ ಎಲ್ಕೊದಲ್ಲಿ 1929ರಿಂದ ನಡೆಯುತ್ತಿರುವ ಕ್ಯಾಪ್ರಿಯೋಲ ಅಂಗಡಿ ಬಕರೂಗಳ ಸಾಮಾನಿಗೆ ಹೆಸರಾದದ್ದು. ನೋಡಿದಾಗ ಎಲ್ಲ ಹಗ್ಗವೂ ಒಂದೇ ಅನ್ನಿಸುತ್ತದೆ. ವ್ಯತ್ಯಾಸ ಇರುವುದು ಉದ್ದದಲ್ಲಿ, ಮೃದುತ್ವದಲ್ಲಿ, ನೂಲಿನಲ್ಲಿ.

ಉದ್ದ ಮೊದಲು. ಟೀಮ್ ರೋಪಿಂಗಿನಲ್ಲಿ ಹೆಡರ್ ಹಗ್ಗ ಮೂವತ್ತು ಅಡಿಯ ಆಸುಪಾಸು, ಹೀಲರ್ ಹಗ್ಗ ಮೂವತ್ತೈದು ಅಡಿಯ ಆಸುಪಾಸು. ರ‍್ಯಾಂಚ್ ಹಗ್ಗ ನಲವತ್ತೈದರಿಂದ ಅರುವತ್ತು ಅಡಿ. ಎಸೆಯುವ ದೂರಕ್ಕಾಗಿ ಇಷ್ಟುದ್ದ ಬೇಕಿಲ್ಲ, ನುರಿತವರೂ ಹೆಚ್ಚಿನ ಎಸೆತ ಹತ್ತಿರದಿಂದಲೇ ಹಾಕುತ್ತಾರೆ. ಸಿಕ್ಕ ಮೇಲೆ ಗೂಟದ ಮೇಲೆ ಜಾರಿಸಲು ಕೈಯಲ್ಲಿ ಹಗ್ಗ ಉಳಿದಿರಬೇಕು, ಅದಕ್ಕೆ. ಮೂವತ್ತು ಅಡಿಯ ಹಗ್ಗದಲ್ಲಿ ಕುಣಿಕೆಗೆ ಹದಿನೈದು ಅಡಿ, ದನದವರೆಗೆ ಹತ್ತು ಅಡಿ ಹೋದರೆ ಉಳಿಯುವುದು ಐದು. ಅದು ಗೂಟ ಸುತ್ತುವುದಕ್ಕೇ ಸಾಲದು, ಜಾರಿಸುವುದು ದೂರದ ಮಾತು. ಅರುವತ್ತು ಅಡಿ ಕೊಂಡರೆ ಬೇರೆ ತೊಡಕು. ಎಡಗೈಯಲ್ಲಿ ಲಗಾಮಿನ ಜೊತೆಗೆ ಏಳೆಂಟು ಸುರುಳಿ ಹಿಡಿಯಬೇಕು. ಸಣ್ಣ ಕೈಯವರಿಗೆ ಅದು ಹಿಡಿತಕ್ಕೆ ಸಿಗುವುದಿಲ್ಲ, ಸುರುಳಿಗಳು ಒಂದರ ಮೇಲೊಂದು ಜಾರಿ ಗೋಜಲಾಗುತ್ತವೆ. ಮೊದಲ ಹಗ್ಗ ನಲವತ್ತೈದು ಅಥವಾ ಐವತ್ತು ಅಡಿಯದಿರಲಿ.

ಮೃದುತ್ವದ ವಿಷಯದಲ್ಲಿ ತಯಾರಕರು ಎಕ್ಸ್‌ಟ್ರಾ ಸಾಫ್ಟ್, ಸಾಫ್ಟ್, ಮೀಡಿಯಂ, ಹಾರ್ಡ್ ಮೀಡಿಯಂ ಎಂದು ಗುರುತು ಹಾಕಿರುತ್ತಾರೆ. ಹೀಲರ್‌ಗಳು ಕುಣಿಕೆ ನೆಲದ ಮೇಲೆ ತೆರೆದೇ ನಿಲ್ಲಲೆಂದು ಬಿರುಸಾದ ಹಗ್ಗ ಬಳಸುತ್ತಾರೆ. ರ‍್ಯಾಂಚ್ ಹಗ್ಗ ಮೃದುವಾಗಿರಬೇಕು, ಗೂಟದ ಸುತ್ತ ಮಾತು ಕೇಳಿ ಕೂರುವುದು ಮೃದು ಹಗ್ಗವೇ. ಆದರೆ ತೀರಾ ಮೃದುವಾದದ್ದು ಹೊಸಬರ ಕೈಯಲ್ಲಿ ಸೋತು ಬೀಳುತ್ತದೆ, ಬೀಸುವಾಗ ಕುಣಿಕೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಸಾಫ್ಟ್ ಗುರುತಿನದು ನಡುದಾರಿ. ಬಿಸಿಲಿಗೆ ಹಗ್ಗ ಮೆತ್ತಗಾಗುತ್ತದೆ, ಚಳಿಗೆ ಸೆಟೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟ ಹಗ್ಗ ಸಂಜೆಗೆ ಗುರುತೇ ಸಿಗದಷ್ಟು ಬದಲಾಗಿರುತ್ತದೆ, ಆದ್ದರಿಂದ ಅದರದೇ ಡಬ್ಬಿಯಲ್ಲೋ ಚೀಲದಲ್ಲೋ ನೆರಳಿನಲ್ಲಿಡಿ.

ನೂಲಿನಲ್ಲಿ ನೈಲಾನ್, ಪಾಲಿ ಎಂಬ ಇನ್ನೊಂದು ಕೃತಕ ನೂಲು, ಎರಡರ ಮಿಶ್ರಣ ಮತ್ತು ಚರ್ಮದ ರಿಯಾಟ ಇವೆ. ನೈಲಾನ್ ಹಿಗ್ಗುತ್ತದೆ, ಬಹಳ ಬಾಳುತ್ತದೆ. ಪಾಲಿ ಅಷ್ಟು ಹಿಗ್ಗುವುದಿಲ್ಲ. ಬೀಸುವಾಗ ಕುಣಿಕೆಯ ತುದಿ ಎಲ್ಲಿದೆ ಎಂಬ ಸುದ್ದಿಯನ್ನು ಕೈಗೆ ಚೆನ್ನಾಗಿ ಮುಟ್ಟಿಸುತ್ತದೆ ಎಂದು ಅದನ್ನು ಮೆಚ್ಚುವವರು ಹೇಳುತ್ತಾರೆ. ಹೊಸಬರಿಗೆ ಮಿಶ್ರಣವೋ ನೈಲಾನೋ ಎಂಬುದರಿಂದ ಆಗುವ ವ್ಯತ್ಯಾಸ ಸಣ್ಣದು, ಉದ್ದ ತಪ್ಪಿದರೆ ಆಗುವ ತೊಂದರೆ ದೊಡ್ಡದು. ದಪ್ಪ ಇಂಚಿನ ಎಂಟನೇ ಮೂರು ಭಾಗ, ಅಂದರೆ ಸುಮಾರು 9.5 ಮಿಲಿಮೀಟರ್ ಇದ್ದರೆ ಕೈ ತುಂಬುತ್ತದೆ.

ರಿಯಾಟ ಬೇಡ. ಇದನ್ನು ಹೇಳುವಾಗ ಮನಸ್ಸಿಗೆ ನೋವಾಗುತ್ತದೆ, ಏಕೆಂದರೆ ಗಾಳಿಯಲ್ಲಿ ರಿಯಾಟ ತೆರೆದುಕೊಳ್ಳುವ ಬಗೆಯನ್ನು ಒಮ್ಮೆ ಕಂಡವರಿಗೆ ನೈಲಾನ್ ಸಪ್ಪೆ ಎನಿಸುತ್ತದೆ. ಅದರ ತೂಕವೇ ಅದನ್ನು ಗುರಿಗೆ ಒಯ್ಯುತ್ತದೆ. ಆದರೆ ಕೈಯಲ್ಲಿ ಹೆಣೆದ ಒಳ್ಳೆಯ ರಿಯಾಟಕ್ಕೆ ನೂರಾರು ಡಾಲರ್ ಬೀಳುತ್ತದೆ. ಅದಕ್ಕೆ ಆಗಾಗ ಕೊಬ್ಬು ಹಚ್ಚಿ ಸಾಕಬೇಕು, ಮಣ್ಣು, ನೀರು, ಒಣಹವೆ ಮೂರರಿಂದಲೂ ಕಾಯಬೇಕು. ಡ್ಯಾಲಿಯಲ್ಲಿ ಜಾರಿಸಲು ಬಾರದ ಕೈ ಒಂದೇ ಜಗ್ಗಿಗೆ ಅದನ್ನು ಕಡಿದು ಹಾಕುತ್ತದೆ. ನೈಲಾನಿನಲ್ಲಿ ಜಾರಿಸಲು ಕಲಿತ ಮೇಲೆ ಕೊಳ್ಳಿ.

ಗೂಟ ಮತ್ತು ಹೆಬ್ಬೆರಳು

ಈ ವಿದ್ಯೆಯಲ್ಲಿ ಜನ ಬೆರಳು ಕಳೆದುಕೊಂಡಿದ್ದಾರೆ. ಇದನ್ನು ಮೃದುವಾಗಿ ಹೇಳಿ ಪ್ರಯೋಜನವಿಲ್ಲ. ಓಡುವ ದನದ ಭಾರ ಒಂದು ಕಡೆ, ನಿಂತ ಕುದುರೆಯ ಭಾರ ಇನ್ನೊಂದು ಕಡೆ, ನಡುವೆ ಹಗ್ಗಕ್ಕೂ ಗೂಟಕ್ಕೂ ಸಿಕ್ಕಿದ ಹೆಬ್ಬೆರಳು. ಕ್ಷಣದಲ್ಲಿ ಬೆರಳು ಹೋಗುತ್ತದೆ.

ಬಲಗೈಯವರು ಡ್ಯಾಲಿ ಹಾಕುವಾಗ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತಾರೆ. ಕೈಯ ಭಂಗಿಯನ್ನು ಗಮನಿಸಿ: ನಾಲ್ಕು ಬೆರಳು ಹಗ್ಗವನ್ನು ಹಿಡಿದಿವೆ, ಹೆಬ್ಬೆರಳು ಆಕಾಶ ನೋಡುತ್ತಿದೆ, ಮುಷ್ಟಿ ಗೂಟದ ತಲೆಗಿಂತ ಕೆಳಗಿಳಿಯದೆ ಅದರ ಸುತ್ತ ಅಗಲವಾಗಿ ಹೋಗುತ್ತಿದೆ. ಅಂಗೈ ಕೆಳಗಾಗಿ ಹೆಬ್ಬೆರಳು ಗೂಟದ ಕಡೆ ತಿರುಗಿತೆಂದರೆ ಅಪಾಯ ಶುರುವಾಯಿತು. ಇದನ್ನು ಕುದುರೆಯಿಲ್ಲದೆ, ಮರದ ಕಟ್ಟೆಯ ಮೇಲೆ ಹಳೆಯ ಜೀನಿಟ್ಟು, ಗೆಳೆಯನೊಬ್ಬ ಹಗ್ಗದ ಇನ್ನೊಂದು ತುದಿ ಹಿಡಿದು ನಡೆಯುತ್ತಿರುವಾಗ ಅಭ್ಯಾಸ ಮಾಡಬೇಕು. ಗೂಟವನ್ನು ನೋಡದೆ ಸುತ್ತಲು ಕೈಗೆ ತಾನಾಗಿ ಬರುವವರೆಗೆ ಜೀವಂತ ದನಕ್ಕೆ ಹಗ್ಗ ಹಾಕುವುದು ಬೇಡ. ಬಿಗಿ ಬಿದ್ದ ಮೇಲೆ ಡ್ಯಾಲಿ ಹಾಕಲು ಹೋಗುವುದು ಹೊಸಬರ ಸಾಮಾನ್ಯ ತಪ್ಪು. ತಡವಾಯಿತು ಅನ್ನಿಸಿದರೆ ಹಗ್ಗವನ್ನು ಬಿಟ್ಟುಬಿಡಿ. ದನ ಹಗ್ಗ ಎಳೆದುಕೊಂಡು ಓಡಲಿ, ಆಮೇಲೆ ಹೋಗಿ ತರಬಹುದು.

ಗೂಟಕ್ಕೆ ಸುತ್ತುವ ಹೊದಿಕೆಯಲ್ಲಿ ಎರಡು ಬಗೆ. ರಬ್ಬರ್ ಸುತ್ತಿದರೆ ಹಗ್ಗ ಹಿಡಿದು ನಿಲ್ಲುತ್ತದೆ, ಒಂದೆರಡು ಸುತ್ತು ಸಾಕು. ಸೆಕೆಂಡಿನ ಲೆಕ್ಕವಿರುವ ಅಖಾಡಕ್ಕೆ ಅದು ಸರಿ. ಹೇಸರಗತ್ತೆಯ ಚರ್ಮ ಸುತ್ತಿದ ದಪ್ಪ ಗೂಟದ ಮೇಲೆ ಹಗ್ಗ ಜಾರುತ್ತದೆ. ಎರಡು ಸುತ್ತಿಗೆ ಒಂದಿಷ್ಟು ಜಾರಿ, ಮೂರನೆಯದಕ್ಕೆ ಮೆಲ್ಲಗೆ ನಿಲ್ಲುತ್ತದೆ. ದೊಡ್ಡ ದನವಾದರೆ ಜಾರುವ ಹಗ್ಗದ ಉಜ್ಜಾಟಕ್ಕೆ ಹೊಗೆ ಏಳುವುದೂ ಉಂಟು. ರ‍್ಯಾಂಚ್ ರೋಪಿಂಗ್ ಕಲಿಯುವವರು ಚರ್ಮದ ಹೊದಿಕೆಯನ್ನೇ ಆರಿಸಿ. ರಬ್ಬರಿನ ಮೇಲೆ ಕಲಿತ ಕೈಗೆ ಜಾರಿಸುವುದು ಎಂದರೇನೆಂದೇ ತಿಳಿಯುವುದಿಲ್ಲ, ಕಲಿಕೆಯ ತಿರುಳೇ ತಪ್ಪಿಹೋಗುತ್ತದೆ.

ಹಗ್ಗವನ್ನು ಗೂಟಕ್ಕೆ ಕಟ್ಟಿಯೇ ಎಸೆಯುವ ಟೆಕ್ಸಾಸಿನ ರೀತಿಯಲ್ಲಿ ಹೆಬ್ಬೆರಳಿಗೆ ಅಪಾಯ ಕಡಿಮೆ. ಆದರೆ ಕುದುರೆ ಮುಗ್ಗರಿಸಿದರೆ ಅಥವಾ ದನ ಸುತ್ತು ಹಾಕಿ ಹಗ್ಗ ಕುದುರೆಯ ಕಾಲಿಗೆ ಸಿಕ್ಕಿದರೆ ಬಿಡಿಸಿಕೊಳ್ಳುವ ದಾರಿಯಿಲ್ಲ. ಆ ರೀತಿಗೆ ನುರಿತ ಕುದುರೆ ಮೊದಲು ಬೇಕು, ನುರಿತ ಸವಾರ ಆಮೇಲೆ. ಹೊಸಬರಿಗೆ ಅದನ್ನು ಯಾರು ಹೇಳಿದರೂ ಒಪ್ಪಬೇಡಿ.

ಇವೆರಡರ ನಡುವೆ ಹೊಸಬರ ಪಾಲಿನ ಆಪ್ತಮಿತ್ರ ಬ್ರೇಕ್‌ಅವೇ ಹೊಂಡೊ. ಹಗ್ಗದ ಕಣ್ಣಿನ ಜಾಗದಲ್ಲಿ ಕೂರುವ ಸಣ್ಣ ಪ್ಲಾಸ್ಟಿಕ್ ತುಣುಕು ಇದು. ಭಾರ ಬಿದ್ದರೆ ಬಾಯಿ ಬಿಡುತ್ತದೆ, ಕುಣಿಕೆ ಬಿಚ್ಚಿಕೊಳ್ಳುತ್ತದೆ, ದನ ತನ್ನ ಪಾಡಿಗೆ ಹೋಗುತ್ತದೆ. ದುಡ್ಡು ಕೆಲವೇ ಡಾಲರ್. ಮೊದಮೊದಲು ದನದ ಮೇಲೆ ಅಭ್ಯಾಸ ಮಾಡುವಾಗ ಇದಿಲ್ಲದೆ ಹಗ್ಗ ಬೀಸಲೇಬಾರದು.

ನೆಲದ ಮೇಲೋ, ಕುದುರೆಯ ಮೇಲೋ?

ನೆಲದ ಮೇಲೆ. ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಕಾಲ, ನೆಲದ ಮೇಲೆಯೇ. ಒಣಹುಲ್ಲಿನ ಮೂಟೆಗೆ ಸಿಕ್ಕಿಸುವ ಪ್ಲಾಸ್ಟಿಕ್ಕಿನ ಹೋರಿತಲೆ ಅಗ್ಗಕ್ಕೆ ಸಿಗುತ್ತದೆ. ಹಿಂಗಾಲಿನ ಅಭ್ಯಾಸಕ್ಕೆ ಕಾಲುಗಳಿರುವ ಬೊಂಬೆ ಬೇಕು, ಅದು ದುಬಾರಿ; ಮರಗೆಲಸದವರು ಹಲಗೆಯಿಟ್ಟು ಕೊಯ್ಯುವ ನಾಲ್ಕು ಕಾಲಿನ ಕಟ್ಟೆಯೊಂದಕ್ಕೆ ಹಿಂದೆ ಎರಡು ಕೊಳವೆ ಸಿಕ್ಕಿಸಿದರೂ ಕೆಲಸ ನಡೆಯುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೂ ಪಾರ್ಕಿನ ಮೂಲೆಯೊಂದು ಸಾಕು.

ಬೊಂಬೆಯನ್ನು ಮೋಟಾರು ಗಾಡಿಯ ಹಿಂದೆ ಎಳೆಸುವ ಜಾರುಬಂಡಿ ಅಖಾಡದವರಿಗೆ ಬಲು ಪ್ರಿಯ. ರ‍್ಯಾಂಚ್ ಕೆಲಸಕ್ಕೆ ಅದು ಅಷ್ಟೇನೂ ಬೇಡ, ಅದು ಕಲಿಸುವುದು ವೇಗವನ್ನು.

ಕುದುರೆಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸವಾರಿ ಬಾರದವರು ಮೊದಲು ಸವಾರಿ ಕಲಿಯಲಿ. ಒಂದೇ ಕೈಯಲ್ಲಿ ಲಗಾಮು ಹಿಡಿದು, ಕುದುರೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಲು, ನಿಲ್ಲಿಸಲು, ಹಿಂದೆ ಸರಿಸಲು ಬರಬೇಕು. ಹಗ್ಗ ಕಾಣದ ಎಳೆಯ ಕುದುರೆಯ ಮೇಲೆ ಹಗ್ಗ ಬಾರದ ಸವಾರ ಕೂರುವುದು ಅನಾಹುತಕ್ಕೆ ಆಹ್ವಾನ. ಹಗ್ಗ ತನ್ನ ತೊಡೆಗೆ, ಹಿಂಗಾಲಿನ ನಡುವೆ, ಬಾಲದ ಕೆಳಗೆ ತಾಗಿದರೂ ಬೆದರದ, ಮರದ ದಿಮ್ಮಿ ಎಳೆದು ಪಳಗಿದ, ವಯಸ್ಸಾದ ಕುದುರೆಯನ್ನು ಬಾಡಿಗೆಗಾದರೂ ಹುಡುಕಿ. ಸ್ವಂತ ಕುದುರೆ ಕೊಳ್ಳುವ ಯೋಚನೆ ಆಮೇಲೆ ಇಟ್ಟುಕೊಳ್ಳಿ.

ಜೀನಿನ ಬಗ್ಗೆ ಕೇಳುವವರು ಬಹಳ. ಈ ಪಂಥದಲ್ಲಿ ಹೆಚ್ಚು ಕಾಣುವುದು ವೇಡ್ ಎಂಬ ಬಗೆ: ಕುದುರೆಯ ಬೆನ್ನಿಗೆ ತಗ್ಗಾಗಿ ಕೂರುತ್ತದೆ, ದಪ್ಪ ಮರದ ಗೂಟವಿರುತ್ತದೆ. ಆರೆಗನ್ನಿನ ಕ್ಲಿಫರ್ಡ್ ವೇಡ್ ಎಂಬಾತನ ಹಳೆಯ ಜೀನನ್ನು ಮೆಚ್ಚಿದ, ಕುದುರೆ ಪಳಗಿಸುವುದರಲ್ಲಿ ಹೆಸರಾದ ಟಾಮ್ ಡಾರನ್ಸ್ ಅದರ ಮಾದರಿಯನ್ನು ಪೆಂಡಲ್ಟನ್ ಊರಿನ ಹ್ಯಾಮ್ಲಿ ಕಂಪನಿಯಲ್ಲಿ ಮಾಡಿಸಿದ; ಅಲ್ಲಿಂದ ಅದು ಎಲ್ಲೆಡೆ ಹರಡಿತು. ಗೂಟ ತಗ್ಗಾದಷ್ಟೂ ಜಗ್ಗಿನ ಹೊಡೆತ ಕುದುರೆಯ ಬೆನ್ನಿಗೆ ಕಡಿಮೆ. ಒಳ್ಳೆಯ ವೇಡ್ ಜೀನಿಗೆ ಸಾವಿರಾರು ಡಾಲರ್ ಬೇಕು. ಕಲಿಯುವಾಗ ಗುರುವಿನ ಜೀನೇ ಸಾಕು.

ಮೊದಲು ಯಾವ ಎಸೆತ?

ಈ ವಿದ್ಯೆಯ ಸಿರಿ ಇರುವುದೇ ಇಲ್ಲಿ. ಅಖಾಡದಲ್ಲಿ ಒಂದೆರಡು ಎಸೆತ ಬಂದರೆ ಜೀವನ ಸಾಗುತ್ತದೆ. ಬಕರೂಗಳ ಬುಟ್ಟಿಯಲ್ಲಿ ಹತ್ತಾರು ಇವೆ. ದನ ಎಡಕ್ಕಿದೆಯೋ ಬಲಕ್ಕೋ, ಬರುತ್ತಿದೆಯೋ ಹೋಗುತ್ತಿದೆಯೋ, ನಿಂತಿದೆಯೋ ಎಂಬುದನ್ನು ನೋಡಿ ಎಸೆತ ಆರಿಸುತ್ತಾರೆ, ಕುದುರೆಯನ್ನು ಓಡಿಸಿ ದನದ ಜಾಗ ಬದಲಿಸುವುದಿಲ್ಲ. ರ‍್ಯಾಂಚ್ ರೋಪಿಂಗ್ ಸ್ಪರ್ಧೆಗಳಲ್ಲೂ ಕಷ್ಟದ ಎಸೆತಕ್ಕೆ ಹೆಚ್ಚು ಅಂಕ.

ಎಲ್ಲಕ್ಕೂ ಬುನಾದಿ ತಲೆಯ ಮೇಲಿನ ಸಾಮಾನ್ಯ ಬೀಸು. ಕುಣಿಕೆಯನ್ನೂ ಹಗ್ಗವನ್ನೂ ಜೋಡಿಯಾಗಿ ಹಿಡಿಯುತ್ತೀರಿ. ಹೊಂಡೊ ಕೈಯಿಂದ ಕೆಳಗೆ, ಕುಣಿಕೆಯ ಮೂರನೇ ಒಂದು ಭಾಗದಿಂದ ಅರ್ಧದ ನಡುವೆ ತೂಗುತ್ತಿರಬೇಕು. ಕೈಗೆ ತೀರಾ ಹತ್ತಿರವಿದ್ದರೆ ಬೀಸುವಾಗ ಕುಣಿಕೆಯ ಬಾಯಿ ಕಟ್ಟುತ್ತದೆ. ಹೊಸಬರು ತೋಳಿನ ಬಲದಿಂದ ಬೀಸುತ್ತಾರೆ, ಬೇಗ ದಣಿಯುತ್ತಾರೆ. ಮಣಿಕಟ್ಟು ತಿರುಗಿದರೆ ಹಗ್ಗ ತಾನೇ ತಿರುಗುತ್ತದೆ. ಬಿಡುವ ಗಳಿಗೆಯಲ್ಲಿ ಅಂಗೈ ನೆಲದ ಕಡೆ ಮುಖ ಮಾಡಿ, ಕೈ ಗುರಿಯ ಕಡೆ ಚಾಚಿರಬೇಕು. ಎಸೆದ ಮೇಲೆ ಕೈ ಹಿಂದಕ್ಕೆ ಬಂದರೆ ಕುಣಿಕೆಯೂ ಹಿಂದಕ್ಕೆ ಬರುತ್ತದೆ.

ಇದು ಕೈಗೆ ಹತ್ತಿದ ಮೇಲೆ ಎರಡು ದಾರಿ ತೆರೆಯುತ್ತವೆ. ಒಂದು ಹೂಲಿಹ್ಯಾನ್. ಸಾಮಾನ್ಯ ಬೀಸಿಗೆ ಎದುರು ದಿಕ್ಕಿನಲ್ಲಿ ಒಂದೇ ಒಂದು ಸುತ್ತು, ಕುಣಿಕೆ ಮೇಲಿನಿಂದ ಚಪ್ಪಟೆಯಾಗಿ ಬಂದು ಕೊರಳ ಮೇಲೆ ಇಳಿಯುತ್ತದೆ. ಬೆಳಗಿನ ಹೊತ್ತು ದೊಡ್ಡಿಯಲ್ಲಿ ಸೇರಿದ ಕುದುರೆಗಳ ನಡುವಿನಿಂದ ಆ ದಿನದ ಸವಾರಿಗೆ ಬೇಕಾದ ಒಂದನ್ನು ಹಿಡಿಯಲು ಇದೇ ಎಸೆತ. ಅಲ್ಲಿ ಹಗ್ಗವನ್ನು ತಲೆಯ ಮೇಲೆ ಗಿರಗಿರನೆ ತಿರುಗಿಸಿದರೆ ಇಡೀ ಹಿಂಡು ಬೆದರಿ ಸುತ್ತತೊಡಗುತ್ತದೆ. ಇನ್ನೊಂದು ಹಿಂಗಾಲಿನ ಹಿಪ್ ಶಾಟ್. ಕುಣಿಕೆಯನ್ನು ಕರುವಿನ ಸೊಂಟದ ಮೇಲಿನಿಂದ ಬಿಟ್ಟರೆ ಅದು ಹೊಟ್ಟೆಯ ಕೆಳಗೆ, ಹಿಂಗಾಲುಗಳ ಮುಂದೆ ತೆರೆದುಕೊಂಡು ನಿಲ್ಲುತ್ತದೆ; ಕರು ತಾನೇ ಹೆಜ್ಜೆ ಇಟ್ಟು ಅದರೊಳಗೆ ಬರುತ್ತದೆ. ಎರಡೂ ಕಾಲು ಒಳಗೆ ಬರುವವರೆಗೆ ಕಾಯಬೇಕು, ಬಂದೊಡನೆ ಸಡಿಲನ್ನು ಮೇಲಕ್ಕೆ ಎತ್ತಬೇಕು. ಕಾಯುವ ಆ ಅರೆಕ್ಷಣವನ್ನು ಕಲಿಯಲು ಕೆಲವರಿಗೆ ವರ್ಷವೇ ಬೇಕಾಗುತ್ತದೆ.

ಹೂಲಿಹ್ಯಾನ್ ನೋಡಲು ಸೊಗಸು, ಹಿಪ್ ಶಾಟ್ ಅಷ್ಟು ಕಣ್ಣಿಗೆ ಬೀಳುವುದಿಲ್ಲ. ಹೊಸಬರು ಮೊದಲನೆಯದರ ಹಿಂದೆ ಬೀಳುತ್ತಾರೆ. ನಾನು ಎರಡನೆಯದನ್ನು ಮೊದಲು ಕಲಿಯಿರಿ ಎನ್ನುತ್ತೇನೆ, ಏಕೆಂದರೆ ಹೊಸಬರಿಗೆ ನಿಜವಾದ ಕೆಲಸ ಸಿಗುವುದು ಕರುಗಳಿಗೆ ಮುದ್ರೆ ಹಾಕುವ ಕಾಲದಲ್ಲಿ, ಅಲ್ಲಿ ಬೇಕಾದದ್ದು ಹಿಂಗಾಲು. ಕೊರಳಿಗೆ ಹಾಕಿ ಎಳೆದರೆ ಕರುವಿಗೆ ಉಸಿರು ಕಟ್ಟುತ್ತದೆ. ಎರಡೂ ಹಿಂಗಾಲು ಸಿಕ್ಕ ಕರು ಪಕ್ಕಕ್ಕೆ ಮಲಗಿ ನೆಲದ ಮೇಲೆ ಜಾರಿಕೊಂಡು ಬರುತ್ತದೆ, ಕೆಲಸ ಮುಗಿದ ಒಡನೆ ಎದ್ದು ತಾಯಿಯ ಬಳಿಗೆ ಓಡುತ್ತದೆ.

ಯಾರ ಬಳಿ ಕಲಿಯಬೇಕು?

ಎರಡು ಮೂರು ದಿನದ ಶಿಬಿರಗಳು ಒಂದು ದಾರಿ. ಟಾಮ್ ಡಾರನ್ಸ್, ಅವನ ಶಿಷ್ಯ ರೇ ಹಂಟ್ ಇವರ ಪರಂಪರೆಯಲ್ಲಿ ಬಂದ ಗುರುಗಳು ಕುದುರೆಯ ಮನಸ್ಸನ್ನು ಮೊದಲಿಗಿಟ್ಟು ಕಲಿಸುತ್ತಾರೆ. ದುಡ್ಡು ಹೆಚ್ಚು, ಆದರೆ ಮೊದಲ ದಿನವೇ ಕೈಯ ತಪ್ಪು ಯಾರಾದರೂ ಹಿಡಿದು ತಿದ್ದುವುದಕ್ಕೆ ಬೆಲೆ ಕಟ್ಟಲಾಗದು. ಸೇರುವ ಮುನ್ನ ಒಂದು ಮಾತು ಕೇಳಿ: ಒಂದೇ ದನದ ಮೇಲೆ ದಿನಕ್ಕೆ ಎಷ್ಟು ಸಲ ಹಗ್ಗ ಬೀಳುತ್ತದೆ? ದನ ದಣಿದಾಗ ಬದಲಿಸುತ್ತೇವೆ ಎಂಬ ಉತ್ತರ ಬಾರದಿದ್ದರೆ ಅಲ್ಲಿಗೆ ಹೋಗಬೇಡಿ. ವಿಡಿಯೊಗಳು ಎಸೆತದ ಆಕಾರ ತೋರಿಸುತ್ತವೆ, ಹಗ್ಗದ ಭಾರ ತೋರಿಸುವುದಿಲ್ಲ. ಅವು ಜೊತೆಗಿರಲಿ, ಗುರುವಿನ ಜಾಗದಲ್ಲಿ ಬೇಡ.

ಇನ್ನೊಂದು ದಾರಿ ರ‍್ಯಾಂಚಿನಲ್ಲಿಯೇ ಕಲಿಯುವುದು. ವಸಂತದಲ್ಲಿ ಮುದ್ರೆ ಹಾಕುವ ದಿನ ನೆರೆಹೊರೆಯವರೆಲ್ಲ ಬಂದು ಕೈಜೋಡಿಸುವುದು ಆ ಸೀಮೆಯ ಹಳೆಯ ರೂಢಿ, ಪರಿಚಯವಿದ್ದರೆ ಹೊಸಬರಿಗೂ ಕರೆ ಬರುತ್ತದೆ. ಇಲ್ಲಿ ಶುಲ್ಕವಿಲ್ಲ, ಬದಲಿಗೆ ಮೈಮುರಿಯುವ ಕೆಲಸ. ಹೊಸಬರನ್ನು ಕುದುರೆಯ ಮೇಲೆ ಕೂರಿಸುವುದಿಲ್ಲ. ಎಳೆದು ತಂದ ಕರುವನ್ನು ಹಿಡಿದುಕೊಳ್ಳುವ, ಲಸಿಕೆ ಕೊಡುವವರಿಗೆ ನೆರವಾಗುವ ನೆಲದ ಕೆಲಸ ಕೊಡುತ್ತಾರೆ. ಅದನ್ನು ಮನಸಾರೆ ಮಾಡಿ. ಕರುವಿನ ಕಾಲಿನ ಬಳಿ ಮಂಡಿಯೂರಿ ಕುಳಿತವರಿಗೆ ಕಾಣುವಷ್ಟು ಚೆನ್ನಾಗಿ ಯಾವ ಸವಾರ ಹಗ್ಗವನ್ನು ಮೆಲ್ಲಗೆ ಬಿಗಿಯುತ್ತಾನೆ, ಯಾರು ಜಗ್ಗುತ್ತಾನೆ ಎಂಬುದು ಬೇರೆ ಯಾರಿಗೂ ಕಾಣುವುದಿಲ್ಲ. ನಿಮಗೆ ಗುರು ಸಿಗುವುದು ಹಾಗೆಯೇ.

ಅಲ್ಲಿಯ ನಡವಳಿಕೆಯೂ ಕಲಿಕೆಯ ಭಾಗ. ತೆರೆದ ಗೇಟನ್ನು ತೆರೆದೇ ಬಿಡಿ, ಮುಚ್ಚಿದ್ದನ್ನು ದಾಟಿದ ಮೇಲೆ ಮುಚ್ಚಿ. ಯಜಮಾನನಿಗೂ ಮಂದೆಗೂ ನಡುವೆ ಕುದುರೆ ನುಗ್ಗಿಸಬೇಡಿ. ನಿಮ್ಮ ಹಗ್ಗ ಜೀನಿಗೆ ಕಟ್ಟಿಯೇ ಇರಲಿ, ಯಜಮಾನ ಹೆಸರು ಹಿಡಿದು ಕರೆದು ಒಳಗೆ ಕಳುಹಿಸುವವರೆಗೆ ಬಿಚ್ಚಬೇಡಿ. ಒಳಗೆ ಹೋದ ಮೇಲೆ ಎರಡು ಮೂರು ಎಸೆತ ತಪ್ಪಿದರೆ ಮಂದೆ ಕದಡುವ ಮುನ್ನ ಹೊರಗೆ ಬನ್ನಿ, ಬೇರೆಯವರಿಗೆ ಸರದಿ ಬಿಡಿ. ಹಾಗೆ ತಾವಾಗಿ ಹೊರಗೆ ಬಂದವರನ್ನು ಮುಂದಿನ ವರ್ಷವೂ ಕರೆಯುತ್ತಾರೆ.